ಸೀಮೆಎಣ್ಣೆ ವಾಸನೆಯ ವೈನು

1985ರಲ್ಲಿ ಆಸ್ಟ್ರಿಯಾದ ಕೆಲವರು ವೈನು ಹೆಚ್ಚು ಸಿಹಿ ಅನಿಸಲಿ ಎಂದು ಡೈಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿ ಸಿಕ್ಕಿಬಿದ್ದರು. ಒಬ್ಬ ಹಾಲಿಗೆ ನೀರು ಹಾಕಿದರೆ ಇಡೀ ಡೈರಿಗೆ ಕೆಟ್ಟ ಹೆಸರಲ್ಲವೇ? ಏನೂ ಬೆರೆಸದ ರೈತರ ವೈನನ್ನೂ ಹೊರದೇಶದವರು ಕೊಳ್ಳದಾದರು. ಅದೇ ವರ್ಷ ಬಿಗಿ ಕಾನೂನು ಬಂತು. ಸಿಹಿಯಿಲ್ಲದ 'ಡ್ರೈ' ವೈನಿನ ಕಡೆ ಆ ನಾಡು ತಿರುಗಿತು.

ಅಲ್ಲಿನ ವಾಖೌ ಕಣಿವೆಯ ಹದಿನೈದು ವರ್ಷ ಹಳೆಯ ಡ್ರೈ ರೀಸ್ಲಿಂಗನ್ನು ಈಚೆಗೆ ನಾವು ರುಚಿ ನೋಡಿದೆವು. ಡ್ಯಾನ್ಯೂಬ್ ದಂಡೆಯ ಕಡಿದಾದ ಗುಡ್ಡದಲ್ಲಿ, ಗಾರೆಯಿಲ್ಲದ ಕಲ್ಲುಕಟ್ಟೆಗಳ ಮೇಲೆ ಬೆಳೆದ ಬಿಳಿ ದ್ರಾಕ್ಷಿಯದು. ಗ್ಲಾಸು ಮೂಗಿನ ಹತ್ತಿರ ತಂದರೆ ಸೀಮೆಎಣ್ಣೆ ವಾಸನೆ! ಕೆಟ್ಟಿದ್ದಲ್ಲ, ರೀಸ್ಲಿಂಗ್ ಹಳತಾದರೆ ಹಾಗೇ. ಹಿಂದೆಯೇ ಜೇನಿನ ಪರಿಮಳ. ಬಾಯಲ್ಲಿ ಮಾತ್ರ ಸಿಹಿಯಿಲ್ಲ, ನಿಂಬೆಯಂಥ ಹುಳಿ. ಇಷ್ಟು ವರ್ಷ ವೈನನ್ನು ಕಾಪಾಡಿದ್ದೂ ಆ ಹುಳಿಯೇ. ನಮ್ಮಲ್ಲೊಬ್ಬರಿಗೆ ಒಂದು ಗುಟುಕೇ ಸಾಕಾಯಿತು. ಉಳಿದವರು ತಳ ಕಾಣುವವರೆಗೆ ಬಿಡಲಿಲ್ಲ.