ಪತಂಗ ಮೊಟ್ಟೆಯಿಡುವ ಹೊತ್ತು

ಸೂರ್ಯ ರುಸಿಂಗಾ ದ್ವೀಪದ ಗುಡ್ಡದ ಹಿಂದೆ ಇಳಿದಾಯಿತು. ಭೂಮಧ್ಯರೇಖೆ ಇಲ್ಲಿಂದ ಉತ್ತರಕ್ಕೆ ಐವತ್ತು ಕಿಲೋಮೀಟರೂ ಇಲ್ಲ; ಇಂಥ ಕಡೆ ಮುಸ್ಸಂಜೆ ಹೆಚ್ಚು ಹೊತ್ತು ತಂಗುವುದಿಲ್ಲ, ನೋಡನೋಡುತ್ತ ಕತ್ತಲಾಗುತ್ತದೆ. ಪಶ್ಚಿಮ ಕೀನ್ಯಾದ ಎಂಬಿಟಾ, ವಿಕ್ಟೋರಿಯಾ ಸರೋವರದ ದಡ. ನೀವು ನಿಂತಿರುವುದು ಮುಸುಕಿನ ಜೋಳದ ಹೊಲದ ಬದುವಿನ ಮೇಲೆ. ಟಾರ್ಚಿನ ಗಾಜಿಗೆ ಕೆಂಪು ಕಾಗದ ಸುತ್ತಿಕೊಳ್ಳಿ. ಬಿಳಿ ಬೆಳಕು ಬಿದ್ದರೆ ನಾವು ನೋಡಲು ಬಂದವಳು ದಿಕ್ಕು ತಪ್ಪುತ್ತಾಳೆ.

ಅಗೋ, ಬಂದಳು. ಒಣಹುಲ್ಲಿನ ಬಣ್ಣದ ಸಣ್ಣ ಪತಂಗ. ರೆಕ್ಕೆ ಬಿಚ್ಚಿದರೆ ಒಂದು ಅಂಗುಲದ ಅಂದಾಜು. ಕೈಲೋ ಪಾರ್ಟೆಲಸ್ ಎಂದು ಶಾಸ್ತ್ರದ ಹೆಸರು. ನಮ್ಮ ಜೋಳದ ರೈತರು ಕಾಂಡ ಕೊರೆಯುವ ಹುಳು ಎಂದು ಬೈದುಕೊಳ್ಳುವುದು ಇವಳ ಮರಿಯನ್ನೇ. ಆಫ್ರಿಕಾಕ್ಕೆ ಇದು ಪರದೇಶದ ಕೀಟ. ಏಷ್ಯಾದಿಂದ ಹೋಗಿ, 1930ರ ದಶಕದ ಆರಂಭದ ಹೊತ್ತಿಗೆ ಮಲಾವಿಯಲ್ಲಿ ಕಾಣಿಸಿಕೊಂಡು, ಆಮೇಲೆ ಪೂರ್ವ ಆಫ್ರಿಕಾದ ಉದ್ದಗಲಕ್ಕೂ ಹಬ್ಬಿತು. ನಮ್ಮ ಕಡೆಯಿಂದ ಹೋದ ಪೀಡೆ ಅನ್ನಿ. ಆ ಕಡೆಯಿಂದ ನಮಗೆ ಬಂದದ್ದೇನು ಎಂಬ ಲೆಕ್ಕವನ್ನು ಆಮೇಲೆ ನೋಡೋಣ.

ಅವಳು ಈಗ ಮೊಟ್ಟೆಯಿಡಲು ಜಾಗ ಹುಡುಕುತ್ತಿದ್ದಾಳೆ. ಹೊಲದೊಳಗೆ ಎದೆಮಟ್ಟದ ಜೋಳ. ಹೊಲದ ಸುತ್ತ, ನಿಮ್ಮ ಬೆನ್ನ ಹಿಂದೆ, ಮೂರು ಸಾಲು ನೇಪಿಯರ್ ಹುಲ್ಲು. ಉಸಿರು ಒಳಗೆಳೆದುಕೊಳ್ಳಿ. ಹಸಿ ಹುಲ್ಲು ಕೊಯ್ದಾಗ ಬರುವ ವಾಸನೆ ತೆಳುವಾಗಿ ಮೂಗಿಗೆ ತಾಗೀತು, ತಾಗದೆಯೂ ಇದ್ದೀತು. ಅವಳ ಮೀಸೆಗಳಿಗೆ ಮಾತ್ರ ಅದು ತಪ್ಪುವುದಿಲ್ಲ. ಕತ್ತಲಾದ ಮೊದಲ ಒಂದು ಗಂಟೆಯಲ್ಲಿ ನೇಪಿಯರ್ ಹೊರಬಿಡುವ ಈ ಎಲೆವಾಸನೆಯ ರಾಸಾಯನಿಕಗಳು ಸುಮಾರು ನೂರು ಪಟ್ಟು ಏರುತ್ತವೆ. ಜೋಳವೂ ಬಿಡುತ್ತದೆ, ಆದರೆ ಅದರ ಏರಿಕೆ ಹತ್ತು ಪಟ್ಟಿನ ಆಸುಪಾಸಿನದು. ಗಾಳಿಯನ್ನು ಕೊಳವೆಯಲ್ಲಿ ಹಿಡಿದು ಗಂಟೆಗಂಟೆಗೂ ಅಳೆದವರು ಇದನ್ನು ಕಂಡುಕೊಂಡರು. ಹಗಲಿನಲ್ಲಿ ಮಾತ್ರ ಅಳೆದಿದ್ದರೆ ಗುಟ್ಟು ಕೈಗೆ ಸಿಗುತ್ತಿರಲಿಲ್ಲ.

ಪತಂಗ ಜೋಳವನ್ನು ಬಿಟ್ಟು ಹುಲ್ಲಿನ ಮೇಲೆ ಇಳಿಯಿತು. ಎಲೆಗೆ ಹೊಟ್ಟೆ ಒತ್ತಿ, ಮೀನಿನ ಪೊರೆಯಂತೆ ಒಂದರ ಮೇಲೊಂದು ಅಂಚು ಕೂರುವಂತೆ ಮೊಟ್ಟೆ ಜೋಡಿಸುತ್ತಿದೆ. ಇನ್ನು ನೀವು ಮಾತಾಡಬಹುದು.

ಸರೋವರದ ಮೇಲೆ ಒಂದೊಂದೇ ದೀಪ ಹತ್ತಿಕೊಳ್ಳುತ್ತಿದೆ. ಒಮೆನಾ ಎಂಬ ಬೆರಳುದ್ದದ ಬೆಳ್ಳಿಮೀನನ್ನು ಬೆಳಕು ತೋರಿಸಿ ಹಿಡಿಯುವ ದೋಣಿಗಳು ಅವು. ಕೀಟ ಬೆಳಕಿಗೆ ಬರುತ್ತದೆ, ಮೀನು ಕೀಟಕ್ಕೆ ಬರುತ್ತದೆ, ಬಲೆ ಮೀನಿಗೆ. ರಾತ್ರಿಯೂಟಕ್ಕೆ ಅದೇ ಒಮೆನಾ, ಜೊತೆಗೆ ಉಗಾಲಿ, ಅಂದರೆ ಮುಸುಕಿನ ಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಈ ಜೋಳ ಕೈಕೊಟ್ಟ ವರ್ಷ ಇಲ್ಲಿ ಊಟವೇ ಇಲ್ಲ. ಹೊಲಕ್ಕೆ ಬರುವ ಹುಳುವಿನ ಮಾತನ್ನು ಇಲ್ಲಿ ಯಾರೂ ಹಗುರಾಗಿ ಎತ್ತುವುದಿಲ್ಲ.

ಬೆಳಗ್ಗೆ ಕುಡುಗೋಲು ಹಿಡಿದು ಅದೇ ಬದುವಿಗೆ ಬನ್ನಿ. ವಾರದ ಹಿಂದೆಯೇ ಮರಿಯೊಡೆದ ಮೊಟ್ಟೆಗಳಿರುವ ಒಂದು ನೇಪಿಯರ್ ಕಡ್ಡಿಯನ್ನು ಕೊಯ್ದು ಉದ್ದಕ್ಕೆ ಸೀಳಿ. ಮರಿಹುಳು ಕಾಂಡ ಕೊರೆಯಲು ಹೋದ ಜಾಗದಲ್ಲಿ ಅಂಟು ಒಸರಿದೆ. ಹುಳು ಅದರಲ್ಲೇ ಸಿಕ್ಕಿ ಸತ್ತಿದೆ. ನೇಪಿಯರ್ ಹೊಕ್ಕ ಮರಿಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಬದುಕುವುದಿಲ್ಲ. ತನ್ನ ಮಕ್ಕಳಿಗೆ ಮಸಣವಾಗುವ ಗಿಡವನ್ನೇ ತಾಯಿ ಯಾಕೆ ಆರಿಸಿಕೊಳ್ಳುತ್ತಾಳೆ? ವಿಕಾಸವಾದ ಓದಿದವರನ್ನು ಕೇಳಿದರೆ ಒಂದಿಷ್ಟು ವಿವರಣೆ ಕೊಟ್ಟಾರು. ನನಗಂತೂ ಪೂರ್ತಿ ಸಮಾಧಾನವಾಗಿಲ್ಲ. ರೈತರಿಗೆ ಆ ಪ್ರಶ್ನೆ ಬೇಕಾಗಿಯೂ ಇಲ್ಲ. ಹುಳು ಸತ್ತಿತು, ಹುಲ್ಲು ಹಸುವಿಗಾಯಿತು.

ಇದು ಯಾರ ತಲೆಯಿಂದ ಬಂತೆಂದು ಕೇಳುತ್ತೀರಿ. ಥಾಮಸ್ ಒಡಿಯಾಂಬೊ ಎಂಬ ಕೀನ್ಯಾದ ಕೀಟವಿಜ್ಞಾನಿ 1970ರಲ್ಲಿ ನೈರೋಬಿಯಲ್ಲಿ ಕೀಟಗಳ ಅಧ್ಯಯನಕ್ಕೆಂದೇ ಒಂದು ಅಂತರರಾಷ್ಟ್ರೀಯ ಕೇಂದ್ರ ಕಟ್ಟಿದರು. ಇಸಿಪೆ ಎಂದು ಅದನ್ನು ಕರೆಯುತ್ತಾರೆ. ಆಫ್ರಿಕಾದ ಕೀಟವನ್ನು ಆಫ್ರಿಕಾದಲ್ಲೇ ಕೂತು ಓದಬೇಕು ಎಂಬುದು ಅವರ ಹಟ. ಎಂಬಿಟಾದ ಈ ಕ್ಷೇತ್ರ ಕೇಂದ್ರಕ್ಕೆ ಈಗ ಅವರದೇ ಹೆಸರಿದೆ. 1990ರ ದಶಕದಲ್ಲಿ ಭಾರತ ಮೂಲದ ಕೀಟವಿಜ್ಞಾನಿ ಜೆಯಾವುರ್ ಖಾನ್ ಇಲ್ಲಿ ನೂರಾರು ಬಗೆಯ ಹುಲ್ಲು ಬೆಳೆಸಿ, ಯಾವುದರ ಕಡೆಗೆ ಪತಂಗ ಹೋಗುತ್ತದೆ, ಯಾವುದರಿಂದ ದೂರ ಸರಿಯುತ್ತದೆ ಎಂದು ನೋಡುತ್ತ ಹೋದರು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಸ್ಥೆಯ ರಸಾಯನವಿಜ್ಞಾನಿ ಜಾನ್ ಪಿಕೆಟ್ ಆ ವಾಸನೆಗಳನ್ನು ಬಿಡಿಸಿ ಓದಿದರು. ಹೊಲದೊಳಗಿಂದ ತಳ್ಳುವ ಗಿಡ ಒಂದು, ಹೊರಗಿಂದ ಎಳೆಯುವ ಗಿಡ ಒಂದು. ಪುಶ್-ಪುಲ್ ಎಂಬ ಹೆಸರು ಹಾಗೆ ಬಂತು.

ತಳ್ಳುವ ಗಿಡ ನೋಡುವ ಮೊದಲು ರಸ್ತೆಯಾಚೆಗಿನ ಇನ್ನೊಂದು ಹೊಲಕ್ಕೆ ಹೋಗೋಣ. ಇಲ್ಲಿ ಬರೀ ಜೋಳ ಬಿತ್ತಿದ್ದಾರೆ. ದೂರದಿಂದ ನೋಡಿದವರು ಸೊಗಸೆನ್ನುತ್ತಾರೆ, ಯಾಕೆಂದರೆ ನೆಲದ ತುಂಬ ನಸುನೇರಳೆ ಹೂ. ಹತ್ತಿರ ಬಂದು ಜೋಳ ನೋಡಿ: ಮೊಣಕಾಲು ದಾಟಿಲ್ಲ, ಎಲೆ ಹಳದಿ, ನಿನ್ನೆ ಮಳೆಯಾಗಿದ್ದರೂ ಬಾಡಿದೆ. ಈ ಹೂವಿನ ಗಿಡ ಸ್ಟ್ರೈಗಾ. ಇಲ್ಲಿನ ಲುವೊ ಜನ ಕಯೊಂಗೊ ಅನ್ನುತ್ತಾರೆ. ಒಂದು ಗಿಡ ಹಿಡಿದು ಮಣ್ಣು ಸಮೇತ ಮೆಲ್ಲಗೆ ಎತ್ತಿ. ಅದರ ಬೇರು ಜೋಳದ ಬೇರಿಗೆ ಕಚ್ಚಿಕೊಂಡಿರುವುದು ಕಾಣುತ್ತದೆ. ನೀರು, ಸಾರ ಎರಡನ್ನೂ ಅಲ್ಲಿಂದಲೇ ಹೀರುತ್ತದೆ. ನೆಲದ ಮೇಲೆ ಹೂ ಕಾಣುವ ಹೊತ್ತಿಗೆ ಕೆಳಗೆ ಆಗಬೇಕಾದ ಹಾನಿಯೆಲ್ಲ ಆಗಿ ಮುಗಿದಿರುತ್ತದೆ. ಕಿತ್ತರೂ ಆ ವರ್ಷದ ಬೆಳೆ ತಿರುಗಿ ಬಾರದು.

ಒಣಗಿದ ಒಂದು ಕಾಯನ್ನು ಅಂಗೈ ಮೇಲೆ ಉಜ್ಜಿ. ಧೂಳು ಬಿದ್ದಂತೆ ಕಂಡದ್ದು ಬೀಜ. ಒಂದೊಂದೂ ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು. ಒಂದೇ ಗಿಡ ಇಂಥವನ್ನು ಹತ್ತಾರು ಸಾವಿರ ಉದುರಿಸುತ್ತದೆ, ಮಣ್ಣಿನಲ್ಲಿ ಅವು ಹತ್ತರಿಂದ ಇಪ್ಪತ್ತು ವರ್ಷ ಜೀವ ಹಿಡಿದಿರಬಲ್ಲವು. ಸುಮ್ಮನೆ ಮೊಳೆಯುವುದಿಲ್ಲ, ಕಾಯುತ್ತವೆ. ಜೋಳದ ಬೇರು ಮಣ್ಣಿನ ಉಪಕಾರಿ ಶಿಲೀಂಧ್ರಗಳನ್ನು ಕರೆಯಲು ಸ್ಟ್ರೈಗೊಲ್ಯಾಕ್ಟೋನ್ ಎಂಬ ವಸ್ತುವನ್ನು ಒಸರುತ್ತದೆ. ಕರೆ ಗೆಳೆಯನಿಗೆ, ಎಚ್ಚರವಾಗುವವನು ಕಳ್ಳ. ಆ ಸುಳಿವು ಸಿಕ್ಕಿದ ಕೂಡಲೇ ಸ್ಟ್ರೈಗಾ ಮೊಳೆತು ಬೇರಿನ ಕಡೆ ಹರಿಯುತ್ತದೆ. ಇದರ ದಾಯಾದಿ ಜಾತಿಗಳು ನಮ್ಮ ಕರ್ನಾಟಕದ ಜೋಳ, ಕಬ್ಬಿನ ಹೊಲಗಳಲ್ಲೂ ಇವೆ, ಕಂಡವರು ಮರೆತಿರಲಾರರು.

ಈಗ ಮೊದಲಿನ ಹೊಲಕ್ಕೇ ವಾಪಸು ಬಂದು, ಜೋಳದ ಸಾಲುಗಳ ನಡುವೆ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ನೆಲ ಕಾಣುತ್ತಿಲ್ಲ. ಮೂರೆಲೆಯ ಬಳ್ಳಿಯೊಂದು ದಟ್ಟವಾಗಿ ಹಬ್ಬಿದೆ. ಎಲೆಯ ಮೇಲೆ ಬೆರಳು ಸವರಿದರೆ ಬಟ್ಟೆಗೆ ಅಂಟುವ ಒರಟು ರೋಮ. ಇದು ಡೆಸ್ಮೋಡಿಯಂ, ಮೂಲ ಅಮೆರಿಕ ಖಂಡದ ದ್ವಿದಳ ಮೇವಿನ ಗಿಡ. ಕಾಂಡ ಕೊರೆಯುವ ಹುಳುವಿನ ಪತಂಗವನ್ನು ದೂರ ಇಡಲಿ ಎಂದು ಜೋಳದ ನಡುವೆ ಹಾಕಿ ನೋಡಿದಾಗ, ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು: ಡೆಸ್ಮೋಡಿಯಂ ಇದ್ದ ತಾಕಿನಲ್ಲಿ ಸ್ಟ್ರೈಗಾ ಏಳಲೇ ಇಲ್ಲ. ಆಮೇಲೆ ವರ್ಷಗಟ್ಟಲೆ ಅದರ ಬೇರನ್ನು ಓದಿದರು. ನೆರಳು ಮತ್ತು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ಗುಣ ಒಂದಿಷ್ಟು ಕೆಲಸ ಮಾಡುತ್ತವೆ, ನಿಜ. ಮುಖ್ಯ ಕೆಲಸ ಬೇರು ಒಸರುವ ರಸಾಯನಗಳದು. ಅವುಗಳಲ್ಲಿ ಕೆಲವು ಸ್ಟ್ರೈಗಾ ಬೀಜವನ್ನು ಮೊಳೆಯುವಂತೆ ಎಬ್ಬಿಸುತ್ತವೆ. ಇನ್ನು ಕೆಲವು, ಮೊಳೆತ ಬೇರು ಬೆಳೆದು ಜೋಳಕ್ಕೆ ಅಂಟದಂತೆ ತಡೆಯುತ್ತವೆ. ಎದ್ದ ಕಳ್ಳ ಮನೆ ಸಿಗದೆ ಸಾಯುತ್ತಾನೆ. ಡೆಸ್ಮೋಡಿಯಂ ಬಹುವಾರ್ಷಿಕ ಬೆಳೆಯಾದ್ದರಿಂದ ಜೋಳ ಇಲ್ಲದ ತಿಂಗಳುಗಳಲ್ಲೂ ಈ ಕೆಲಸ ನಡೆದೇ ಇರುತ್ತದೆ, ಮಣ್ಣಿನಲ್ಲಿರುವ ಬೀಜದ ದಾಸ್ತಾನು ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಈ ಇಡೀ ಏರ್ಪಾಟಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಪತಂಗದ ಕತೆಯಲ್ಲ, ಈ ಬೇರಿನ ಕತೆ.

ಪತಂಗದ ಕತೆಯಲ್ಲಿ ಒಂದು ಜಗಳವೂ ಇದೆ. ಡೆಸ್ಮೋಡಿಯಂ ವಾಸನೆ ಪತಂಗವನ್ನು ಓಡಿಸುತ್ತದೆ ಎಂಬುದು ಇಪ್ಪತ್ತು ವರ್ಷಗಳಿಂದ ಪಾಠ. ಇತ್ತೀಚೆಗೆ ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ನೋಡಿ, ಹೇಳಿದಂಥ ವಾಸನೆ ನಮಗೆ ಸಿಗಲಿಲ್ಲ ಎಂದರು. ಪತಂಗ ಹೆದರುವುದಿಲ್ಲ, ಬದಲಿಗೆ ಮರಿಹುಳುಗಳೇ ಜೋಳ ಬಿಟ್ಟು ಡೆಸ್ಮೋಡಿಯಂ ಮೇಲೆ ಹೋಗಿ, ಬೆಳೆಯಲಾರದೆ ಸಾಯುತ್ತವೆ. ದೊಡ್ಡ ಹುಳುಗಳು ಎಲೆಯ ಆ ಒರಟು ರೋಮಗಳಿಗೆ ಚುಚ್ಚಿಕೊಂಡು ಅಲುಗಾಡದೆ ಸಿಕ್ಕಿಬೀಳುತ್ತವೆ ಎಂಬುದು ಅವರ ವಾದ. ರೈತರ ಹೊಲಗಳಲ್ಲೇ ಗಾಳಿ ಹಿಡಿದ ಇನ್ನೊಂದು ತಂಡ, ಇಲ್ಲ, ವಾಸನೆ ಇದೆ ಎಂದಿತು. ಹೊಲದಲ್ಲಿ ಫಲ ಸಿಗುತ್ತಿದೆ, ಕಾರಣದ ಬಗ್ಗೆ ವಾದ ಮುಗಿದಿಲ್ಲ. ವಿಜ್ಞಾನ ನಡೆಯುವುದೇ ಹೀಗೆ. ನೀವು ಈಗ ಬೆರಳು ಸವರಿದ ರೋಮದ ಮೇಲೆ ಲೆನ್ಸ್ ಹಿಡಿದು ನಿಮ್ಮ ಪಕ್ಷ ಆರಿಸಿಕೊಳ್ಳಬಹುದು.

ಇನ್ನೊಂದು ಸಾಲಿಗೆ ಬನ್ನಿ. ಜೋಳದ ಸುಳಿಯೊಳಗೆ ಬಗ್ಗಿ ನೋಡಿ: ಮರದ ಪುಡಿ ಒದ್ದೆಯಾದಂತೆ ಕಾಣುವ ಹಿಕ್ಕೆ, ಹರಿದ ಎಲೆ, ಒಳಗೆ ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಗುರುತಿರುವ ಹುಳು. ನಮ್ಮವರು ಲದ್ದಿ ಹುಳು ಎನ್ನುವ ಫಾಲ್ ಸೈನಿಕ ಹುಳು. ಇದರ ತವರು ಅಮೆರಿಕ. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿ, ಮರುವರ್ಷವೇ ಕೀನ್ಯಾದಲ್ಲಿತ್ತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಸಿಕ್ಕಿತು; ಭಾರತದಲ್ಲಿ ಮೊದಲು ದಾಖಲಾದದ್ದು ಅಲ್ಲೇ. ಆ ಕಡೆಯಿಂದ ಬಂದದ್ದು ಎಂದು ನಿನ್ನೆ ರಾತ್ರಿ ಹೇಳಿದ್ದು ಇದನ್ನೇ.

ಆಗ ಇಲ್ಲಿನ ಸಂಶೋಧಕರು ಕೀನ್ಯಾ, ಉಗಾಂಡಾ, ಟಾಂಜಾನಿಯಾಗಳ ಪುಶ್-ಪುಲ್ ಹೊಲಗಳನ್ನು ಪಕ್ಕದ ಬರೀ ಜೋಳದ ಹೊಲಗಳೊಡನೆ ಹೋಲಿಸಿ ಲೆಕ್ಕ ಹಾಕಿದರು. ಬರ ತಡೆಯಲೆಂದು ನೇಪಿಯರ್ ಬದಲು ಬ್ರಾಕಿಯೇರಿಯಾ ಹುಲ್ಲು ಹಾಕಿದ್ದ ಹೊಲಗಳವು. ಗಿಡವೊಂದಕ್ಕೆ ಸಿಗುವ ಹುಳುವಿನ ಸಂಖ್ಯೆ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಇಳಿದಿತ್ತು. ಈ ಹುಳುವಿಗಾಗಿ ಯಾರೂ ಮಾಡಿದ ಏರ್ಪಾಟಲ್ಲ ಅದು. ಅದು ಬರುವ ಮೊದಲೇ ಅಲ್ಲಿತ್ತು.

ಹೊಲದ ಮೂಲೆಯಲ್ಲಿ ಹಸು ಕಟ್ಟಿದೆ. ಮುಂದೆ ನೇಪಿಯರ್ ಕಟ್ಟು, ಮೇಲೆ ಡೆಸ್ಮೋಡಿಯಂ. ಹುಳು ಹೋಗುತ್ತದೆ ಎಂಬ ಮಾತಿನ ಜೊತೆಗೆ ಹಾಲು ಬರುತ್ತದೆ ಎಂಬ ಮಾತೂ ರೈತರನ್ನು ಇದಕ್ಕೆ ಎಳೆಯಿತು. ಹೆಕ್ಟೇರಿಗೆ ಒಂದು ಟನ್ ಸಿಗುತ್ತಿದ್ದ ಜೋಳ ಮೂರೂವರೆ ಟನ್ನಿಗೆ ಏರಿದ ಹೊಲಗಳಿವೆ. ಅಷ್ಟಿದ್ದೂ ಆಫ್ರಿಕಾದ ಎಲ್ಲ ಹೊಲಗಳಲ್ಲಿ ಇದಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಡೆಸ್ಮೋಡಿಯಂ ಬೀಜ ದುಬಾರಿ, ಬೇಕೆಂದಾಗ ಸಿಗುವುದಿಲ್ಲ. ಮೊದಲ ಹಂಗಾಮಿನಲ್ಲಿ ಎರಡು ಸಲ ಕೈಯಾರೆ ಕಳೆ ತೆಗೆಯಬೇಕು, ಯಾಕೆಂದರೆ ಎಳೆಯ ಡೆಸ್ಮೋಡಿಯಂ ಕಳೆಯಂತೆಯೇ ಕಾಣುತ್ತದೆ. ಗೇಣಿ ಹೊಲದವರು ವರ್ಷಾನುಗಟ್ಟಲೆ ಉಳಿಯುವ ಬೆಳೆಗೆ ಕೈ ಹಾಕುವುದಿಲ್ಲ. ಸುಗ್ಗಿಯಾದ ಮೇಲೆ ಊರ ದನ ಬಿಡುವ ಕಡೆ ಹಸಿರು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮೇಲಾಗಿ, ಬಾಟಲಿಯಲ್ಲಿ ತುಂಬಿ ಮಾರಲು ಬರುವ ಸರಕಲ್ಲ ಇದು. ಅಂಗಡಿಯವನು ಇದರ ಪರ ಮಾತಾಡುವುದಿಲ್ಲ.

ದಾವಣಗೆರೆ, ಹಾವೇರಿ, ಶಿವಮೊಗ್ಗದ ಕಡೆ ಮುಸುಕಿನ ಜೋಳ ಬೆಳೆದು, ಮನೆಯಲ್ಲಿ ಹಸುವನ್ನೂ ಕಟ್ಟಿರುವ ಓದುಗರಿಗೆ ಒಂದು ಮಾತು. ಅಕ್ಕಡಿ ಸಾಲು ಹಾಕಿ ಗೊತ್ತಿರುವವರು ನೀವು, ನಡುವೆ ಇನ್ನೊಂದು ಬೆಳೆ ಹಾಕುವುದು ನಿಮಗೆ ಹೊಸದಲ್ಲ. ಎಲ್ಲ ನೇಪಿಯರ್ ತಳಿಗಳೂ ಪತಂಗವನ್ನು ಒಂದೇ ಸಮ ಸೆಳೆಯುವುದಿಲ್ಲ, ಅಲ್ಲಿನ ಲೆಕ್ಕ ಇಲ್ಲಿ ಹಾಗೇ ಕೂರಬೇಕೆಂದೂ ಇಲ್ಲ. ಆದ್ದರಿಂದ ಇಡೀ ಹೊಲಕ್ಕೆ ಬೇಡ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಅರ್ಧ ಎಕರೆಯಲ್ಲಿ ಹಾಕಿ ನೋಡಿ. ಮೊದಲ ವರ್ಷದ ಬೆಳೆ ನೋಡಿ ಮಾತ್ರ ಕಿತ್ತುಹಾಕಬೇಡಿ. ಡೆಸ್ಮೋಡಿಯಂ ಬೇರೂರಿ ಕೆಲಸ ತೋರಿಸುವುದು ಎರಡನೆಯ ಹಂಗಾಮಿನಿಂದ.