ನಡೆಯುವವರ ನೈರೋಬಿ

ನಾನು ಕೆಲಸಕ್ಕೆಂದು ನೈರೋಬಿಗೆ ಹೊರಟಾಗ ಸಿಂಹದ ಬಗ್ಗೆ ಯಾರೂ ಹೆದರಿಸಲಿಲ್ಲ. ಬುದ್ಧಿ ಹೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ರಸ್ತೇಲಿ ನಡ್ಕೊಂಡು ಮಾತ್ರ ಹೋಗ್ಬೇಡ ಮಾರಾಯ." ಬಂದಿಳಿದ ಮೇಲೆ ಇಲ್ಲಿರುವ ನಮ್ಮವರೂ ಅದನ್ನೇ ಹೇಳಿದರು. ಊರಿಗೆ 'ನೈರಾಬರಿ' ಅಂತ ಅಡ್ಡಹೆಸರು ಬೇರೆ ಇದೆ. ಹೀಗಾಗಿ ಮೊದಲ ಒಂದು ವರ್ಷ ನಾನು ಈ ಊರನ್ನು ನೋಡಿದ್ದೆಲ್ಲ ಟ್ಯಾಕ್ಸಿಯ ಗಾಜಿನಾಚೆ.

ಗಾಜಿನಾಚೆ ಕಂಡದ್ದೂ ಕಡಿಮೆಯೇನಲ್ಲ ಅನ್ನಿ. ಭೂಮಧ್ಯರೇಖೆ ಇಲ್ಲಿಂದ ನೂರೈವತ್ತು ಕಿಲೋಮೀಟರು ದೂರವೂ ಇಲ್ಲ. ಆದರೂ ಜುಲೈ ತಿಂಗಳಲ್ಲಿ ಸ್ವೆಟರ್ ಬೇಕು. ಸುಮಾರು 1,800 ಮೀಟರ್ ಎತ್ತರದ ಊರು, ಅಂದರೆ ನಮ್ಮ ಬೆಂಗಳೂರಿನ ಎರಡರಷ್ಟು ಎತ್ತರ. ಅಕ್ಟೋಬರ್ ಬಂತೆಂದರೆ ರಸ್ತೆಯ ತುಂಬ ಜಕರಾಂಡದ ನೀಲಿ ಹೂವು. ಊರಿನ ಅಂಚಿನಲ್ಲೇ 117 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ. ಅಲ್ಲಿ ಮರದ ಎಲೆ ಮೇಯುವ ಜಿರಾಫೆಯ ಹಿಂದೆ ಊರಿನ ಗಗನಚುಂಬಿಗಳು ಸಾಲಾಗಿ ಕಾಣುತ್ತವೆ. ಮೈತುಂಬ ಚಿತ್ರ ಬರೆಸಿಕೊಂಡು, ಕಿವಿಗಡಚಿಕ್ಕುವ ಹಾಡು ಹಾಕಿಕೊಂಡು ನುಗ್ಗುವ ಮಟಾಟು ಬಸ್ಸುಗಳು. 2022ರಲ್ಲಿ ಶುರುವಾದ, ಟೋಲ್ ಕಟ್ಟಿ ಹೋಗುವ 27 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ. ಮತ್ತೆ ಎಲ್ಲ ರಸ್ತೆಗಳ ಅಂಚಿನಲ್ಲೂ, ಬೆಳಿಗ್ಗೆ ಸಂಜೆ, ಒಬ್ಬರ ಹಿಂದೊಬ್ಬರು ನಡೆಯುವ ಜನ. ಜಾತ್ರೆಗೆ ಹೋದ ಹಾಗೆ. ಎಲ್ಲಿಗೆ ಹೋಗ್ತಾರೆ ಇಷ್ಟೊಂದು ಜನ ಅಂತ ನಾನು ಕೇಳಿಕೊಳ್ಳಲೇ ಇಲ್ಲ. ಅವರು ನನಗೆ ನೋಟದ ಒಂದು ಭಾಗ, ಅಷ್ಟೇ.

ಒಂದು ಸಂಜೆ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಸೆಕೆ ಅಂತ ಗಾಜನ್ನು ಅರ್ಧ ಇಳಿಸಿದ್ದೆ. ಒಂದು ಕೈ ಒಳಗೆ ಬಂತು, ನನ್ನ ಫೋನ್ ಹೊರಗೆ ಹೋಯ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು. ಡ್ರೈವರ್ "ಪೋಲೆ, ಬಾಸ್" ಅಂದ. ಪೋಲೆ ಅಂದರೆ ಪಾಪ, ಹೀಗಾಗಬಾರದಿತ್ತು ಅನ್ನುವ ಸಮಾಧಾನದ ಮಾತು. ಅಂದಿನಿಂದ ನಾನು ಗಾಜು ಇಳಿಸುವುದನ್ನೇ ಬಿಟ್ಟೆ.

ಕಾರಿನಿಂದ ಇಳಿಸಿದ್ದು ಏಪ್ರಿಲ್ ತಿಂಗಳ ಮಳೆ. ದೊಡ್ಡ ಮಳೆಗಾಲ ಮಾರ್ಚ್‌ನಿಂದ ಮೇವರೆಗೆ. ಅಂದು ಊರ ನಡುವೆ ಟ್ಯಾಕ್ಸಿ ಒಂದೂವರೆ ಗಂಟೆ ನಿಂತಲ್ಲೇ ನಿಂತಿತ್ತು. ಮನೆ ಇರುವ ಪಾರ್ಕ್‌ಲ್ಯಾಂಡ್ಸ್‌ಗೆ ಹೆಚ್ಚೆಂದರೆ ನಾಲ್ಕೈದು ಕಿಲೋಮೀಟರು. ದೇವರ ಮೇಲೆ ಭಾರ ಹಾಕಿ ಇಳಿದುಬಿಟ್ಟೆ.

ಮ್ಯೂಸಿಯಂ ಹಿಲ್ ಕಡೆ ನಡೆಯುತ್ತಿದ್ದಾಗ ದಾರಿ ನೋಡಲು ಹೊಸ ಫೋನ್ ತೆಗೆದೆ. ಹಿಂದಿನಿಂದ ಒಬ್ಬ ಹುಡುಗ "ಸಿಮು! ಸಿಮು!" ಅಂತ ಕೂಗಿದ. ಸಿಮು ಅಂದರೆ ಫೋನ್. ಅಷ್ಟು ಗೊತ್ತಿತ್ತು ನೋಡಿ, ಓಡಿದೆ. ಕೆಸರಲ್ಲಿ ಜಾರಿ ಮಂಡಿಯೂರಿ ಬಿದ್ದೆ. ಆ ಹುಡುಗ ಬಂದು ನನ್ನನ್ನು ಎಬ್ಬಿಸಿ, ತನ್ನ ಜೇಬನ್ನು ತಟ್ಟಿ ತೋರಿಸಿದ. ಫೋನ್ ಒಳಗಿಟ್ಟುಕೊಳ್ಳಿ, ಹೀಗೆ ಕೈಯಲ್ಲಿ ಹಿಡಿದು ನಡೀಬೇಡಿ ಅಂತ ಹೇಳಲು ಕೂಗಿದ್ದನಂತೆ. ಪಕ್ಕದಲ್ಲಿ ಇದ್ದಿಲ ಒಲೆಯ ಮೇಲೆ ಜೋಳದ ತೆನೆ ಸುಡುತ್ತಿದ್ದ ಹೆಂಗಸು ಎಲ್ಲ ನೋಡಿ ನಗುತ್ತಿದ್ದಳು. ನಾಚಿಕೆಗೆ ಒಂದು ತೆನೆ ಕೊಂಡೆ. ನಿಂಬೆಹೋಳಿಗೆ ಉಪ್ಪುಖಾರ ಹಚ್ಚಿ ಉಜ್ಜಿ ಕೊಟ್ಟಳು. ಥೇಟ್ ನಮ್ಮೂರಿನ ರುಚಿ.

ಆ ರಾತ್ರಿ ಮಂಡಿಗೆ ಅರಿಶಿನ ಹಚ್ಚಿಕೊಂಡು ಕೂತಾಗ ಹೊಳೆದದ್ದು: ನನ್ನ ಫೋನ್ ಹೋದದ್ದು ಕಾರಿನೊಳಗೆ ಕೂತಿದ್ದಾಗ! ಆದರೂ ನಾನು ಹೆದರಿದ್ದು ಮಾತ್ರ ನಡೆಯುವವರಿಗೆ.

ಈ ಹೆದರಿಕೆ ಎಲ್ಲಿಂದ ಬಂತು ಅಂತ ಊರಿನ ಚರಿತ್ರೆ ಓದತೊಡಗಿದೆ. ಮಸಾಯಿ ಜನರ ಮಾತಿನಲ್ಲಿ ನೈರೋಬಿ ಅಂದರೆ ತಣ್ಣೀರಿನ ತಾಣ. 1899ರಲ್ಲಿ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆ ಹಳಿ ಹಾಕುತ್ತ ಬಂದ ಬ್ರಿಟಿಷರು ಈ ಜೌಗು ನೆಲದಲ್ಲಿ ಡಿಪೋ ಮಾಡಿದರು. ಹಳಿ ಹಾಕಿದವರಲ್ಲಿ ಸುಮಾರು 32,000 ಮಂದಿ ಭಾರತದಿಂದ ಕರೆತಂದ ಕೂಲಿಗಳು. ಸುಮಾರು 2,500 ಜನ ಸತ್ತೇ ಹೋದರು. ಹೆಚ್ಚಿನವರು ಊರಿಗೆ ವಾಪಸಾದರು, ಕೆಲವು ಸಾವಿರ ಜನ ಇಲ್ಲೇ ಉಳಿದರು. ಗುಜರಾತಿನಿಂದ ಅಂಗಡಿಯವರು ಬಂದರು. 1905ರಲ್ಲಿ ಊರು ರಾಜಧಾನಿಯೂ ಆಯಿತು. ಆಮೇಲೆ ಊರನ್ನು ಹಂಚಿದ್ದು ಚರ್ಮದ ಬಣ್ಣ ನೋಡಿ. ತಂಪಾದ ದಿಬ್ಬಗಳು ಬಿಳಿಯರಿಗೆ, ನ್ಗಾರಾ, ಪಂಗಾನಿ, ಪಾರ್ಕ್‌ಲ್ಯಾಂಡ್ಸ್ ಕಡೆ ಭಾರತೀಯರು, ಪೂರ್ವದ ಬಯಲು ಆಫ್ರಿಕನ್ನರಿಗೆ. ವಯಸ್ಸಿಗೆ ಬಂದ ಆಫ್ರಿಕನ್ ಗಂಡಸು ಕಿಪಾಂಡೆ ಎಂಬ ಗುರುತಿನ ಚೀಟಿಯನ್ನು ಡಬ್ಬಿಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ತಿರುಗಬೇಕಿತ್ತು. ತನ್ನದೇ ನೆಲದಲ್ಲಿ ನಡೆಯುವವನನ್ನು ಅನುಮಾನದಿಂದ ನೋಡುವ ಕಾಯಿದೆ ಅದು. 1963ರಲ್ಲಿ ಸ್ವಾತಂತ್ರ್ಯ ಬಂತು, ಕಾಯಿದೆ ಹೋಗಿದೆ. ಆದರೆ ನಾನು ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮನೆ ಹಿಡಿದಾಗ ಬಾಡಿಗೆ ಕರಾರಿನ ಜೊತೆ ಆ ಅನುಮಾನವನ್ನೂ ನನಗೆ ಕೊಟ್ಟಿದ್ದರು ಅನ್ನಿಸುತ್ತದೆ.

ಈಗ ವಾರಕ್ಕೆ ಎರಡು ಮೂರು ದಿನ, ಬೆಳಕಿರುವಾಗ, ಫೋನ್ ಒಳಜೇಬಿನಲ್ಲಿಟ್ಟು ನಡೆಯುತ್ತೇನೆ. ಕಳ್ಳರಿಲ್ಲ ಅಂತ ನಾನು ಹೇಳುತ್ತಿಲ್ಲ, ಇದ್ದಾರೆ. ಆದರೆ ನಡೆದರೆ ಊರು ಕಿವಿಗೂ ಬೀಳುತ್ತೆ. ದುಡ್ಡಿಗೆ ಪೇಸಾ, ಗೋಣಿಚೀಲಕ್ಕೆ ಗುನಿಯಾ, ಔಷಧಿಗೆ ದಾವಾ, ಅಂಗಡಿಗೆ ದುಕಾ. ರಸ್ತೆಗೆ ಬರಾಬರಾ! ಭಾನುವಾರ ಕರೂರಾ ಕಾಡಿಗೆ ಹೋಗುತ್ತೇನೆ. ಊರೊಳಗಿನ ಈ ಕಾಡನ್ನು ಕಟ್ಟಡಕ್ಕೆ ಹಂಚಲು ಹೊರಟಾಗ ಸಸಿ ನೆಡಲು ಹೋದ ವಂಗಾರಿ ಮಾಥಾಯ್ 1999ರಲ್ಲಿ ತಲೆಗೆ ಏಟು ತಿಂದರು. ಹತ್ತು ವರ್ಷ ಮೊದಲು, 1989ರಲ್ಲಿ, ಉಹುರು ಪಾರ್ಕಿನಲ್ಲಿ 60 ಮಹಡಿಯ ಕಟ್ಟಡ ಬರದಂತೆ ತಡೆಯಲು ಎದ್ದು ನಿಂತವರೂ ಅವರೇ. 2004ರಲ್ಲಿ ನೊಬೆಲ್ ಬಂದದ್ದು ಎಲ್ಲರಿಗೂ ಗೊತ್ತು. ಜನ ಕಾಸಿಲ್ಲದೆ ಕಾಲು ಚಾಚಿ ಕೂರುವ ಪಾರ್ಕಿಗಾಗಿ ಅವರು ಪಟ್ಟ ಪಾಡು ಏನೆಂದು ನನಗೆ ಅರ್ಥವಾದದ್ದು ನಡೆದ ಮೇಲೆ.

ಇಷ್ಟಾದ ಮೇಲೆ ನನಗೆ ಸ್ವಲ್ಪ ಜಂಬ ಬಂದಿತ್ತು. ನಮ್ಮ ಗೇಟಿನ ಕಾವಲುಗಾರ ವಯಸ್ಸಾದವರು. ಎಲ್ಲರ ಹಾಗೆ ನಾನೂ ಅವರನ್ನು 'ಮ್ಜೇ' ಅನ್ನುತ್ತೇನೆ, ನಮ್ಮಲ್ಲಿ ಯಜಮಾನ್ರೇ ಅಂದ ಹಾಗೆ. ಅವರ ಮನೆ ಮಥಾರೆಯಲ್ಲಿ. ಮೊನ್ನೆ ಬೆವರೊರೆಸಿಕೊಳ್ಳುತ್ತ ಬಂದವನು, "ನೋಡಿ ಮ್ಜೇ, ಇವತ್ತೂ ನಡ್ಕೊಂಡೇ ಬಂದೆ" ಅಂದೆ.

"ಒಳ್ಳೇದು ಬಾಸ್," ಅಂದರು. "ನಿಮಗದು ವ್ಯಾಯಾಮ. ನನಗದು ದಿನಕ್ಕೆ ನೂರು ಶಿಲಿಂಗ್. ಮಳೆ ಬಂದ್ರೆ ಮಟಾಟು ದರ ದುಪ್ಪಟ್ಟಾಗುತ್ತೆ, ಅವತ್ತು ಇನ್ನೂರು."

ನಗುತ್ತಲೇ ಗೇಟು ತೆಗೆದರು. ಮಳೆ ಹನಿಯತೊಡಗಿತ್ತು. ಅವರ ಪಾಳಿ ಮುಗಿಯಲು ಇನ್ನು ಅರ್ಧ ಗಂಟೆಯಿತ್ತು.