ಕಡಲಿಲ್ಲದ ಕೋರಮಂಡಲ!

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ದಾರಿಯಲ್ಲಿ ‘ಕೋರಮಂಡಲ್’ ಅಂತ ಒಂದು ಸ್ಟೇಷನ್ ಸಿಗುತ್ತದೆ. ಹೌದು ಸ್ವಾಮಿ, ಕೋರಮಂಡಲ್! ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು ಭೂಪಟದ ಬಲಗಡೆ ಬೆತ್ತ ಇಟ್ಟು ತೋರಿಸುತ್ತಿದ್ದರಲ್ಲ, ಬಂಗಾಳ ಕೊಲ್ಲಿಯ ದಡ, ಅದೇ ಹೆಸರು. ಇಳಿದು ನೋಡಿದರೆ ಅಲೆಯೂ ಇಲ್ಲ, ದೋಣಿಯೂ ಇಲ್ಲ, ಮೀನಿನ ವಾಸನೆಯಂತೂ ಮೊದಲೇ ಇಲ್ಲ. ಜಾಲಿ ಪೊದೆ, ಒಣಗಾಳಿ, ದೂರದಲ್ಲಿ ಬೂದಿ ಬಣ್ಣದ ಬೋಳು ದಿಣ್ಣೆಗಳು. ಇಲ್ಲಿದ್ದ ಒಂದು ಚಿನ್ನದ ಗಣಿಯ ಹೆಸರು ಸ್ಟೇಷನ್ನಿಗೆ ಅಂಟಿಕೊಂಡಿದೆ. ಗಣಿ ಹೋಯಿತು, ಹೆಸರು ಉಳಿಯಿತು.

ಕರಾವಳಿ ಪ್ರವಾಸ ಅಂದಕೂಡಲೇ ನಮ್ಮ ಜನ ಗೋಕರ್ಣ, ಕಾರವಾರ, ಮಲ್ಪೆ ಅಂತ ಬ್ಯಾಗು ಕಟ್ಟುತ್ತಾರೆ. ಕಟ್ಟಲಿ, ಬೇಡ ಅಂದವರ್ಯಾರು? ನಾನು ಮಾತ್ರ ಈ ಸಲ ಓದುಗರನ್ನು ಈ ಒಣ ಕೋರಮಂಡಲಕ್ಕೆ ಕರೆದೊಯ್ಯುತ್ತೇನೆ. ಒಂದಾನೊಂದು ಕಾಲಕ್ಕೆ ಇಲ್ಲೂ ನೀರಿತ್ತು ಅನ್ನುವುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಆ ಕಥೆ ಆಮೇಲೆ ಹೇಳ್ತೀನಿ. ಮೊದಲು ಬಂಗಾರಪೇಟೆಯಲ್ಲಿ ಇಳಿಯೋಣ.

ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು 70 ಕಿಲೋಮೀಟರ್. ಊರಿನ ಹಳೇ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಬೌರಿಂಗ್ ದೊರೆಯ ಹೆಸರು ಅದು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಅವನ ಹೆಸರಿನದೇ. ಇಲ್ಲಿಗೆ ಬಂದವರು ಪಾನಿಪುರಿ ತಿನ್ನದೆ ಹೋದರೆ ಊರಿನವರು ಕ್ಷಮಿಸುವುದಿಲ್ಲ. ಬಂಗಾರಪೇಟೆ ಪಾನಿಪುರಿಯ ನೀರಿಗೆ ಬಣ್ಣವೇ ಇಲ್ಲ, ನಲ್ಲಿ ನೀರಿನ ಹಾಗೆ ತಿಳಿಯಾಗಿರುತ್ತದೆ. ಇದೇನು ಸಪ್ಪೆ ನೀರು ಅಂತ ಗಂಟಲಿಗೆ ಇಳಿಸಿದ ಮೇಲೆ ಗೊತ್ತಾಗುತ್ತದೆ ಅದರ ಪ್ರತಾಪ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ಕೈ ಮುಂದಕ್ಕೇ ಹೋಗುತ್ತದೆ!

ಇಲ್ಲಿಂದ ಮಾರಿಕುಪ್ಪಂವರೆಗೆ ಇರುವುದು ಸುಮಾರು 16 ಕಿಲೋಮೀಟರಿನ ಕವಲು ಹಳಿ. 1890ರ ದಶಕದಲ್ಲಿ ಗಣಿಗಾಗಿಯೇ ಹಾಕಿದ್ದು. ಕೋರಮಂಡಲ್, ಊರಗಾಂ, ಚಾಂಪಿಯನ್, ಮಾರಿಕುಪ್ಪಂ... ಸ್ಟೇಷನ್ನುಗಳ ಹೆಸರು ಓದುತ್ತಾ ಹೋದರೆ ಗಣಿಗಳ ಹಾಜರಿ ಪುಸ್ತಕ ಓದಿದ ಹಾಗೆ. ಅಂದು ಈ ಹಳಿಯ ಮೇಲೆ ಜನ ಕೆಲಸ ಹುಡುಕಿಕೊಂಡು ಒಳಗೆ ಬಂದರು. ಇಂದು ಅದೇ ಹಳಿಯ ಮೇಲೆ ಬೆಳಕು ಹರಿಯುವ ಮೊದಲೇ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೊರಗೆ ಹೋಗುತ್ತಾರೆ, ಕತ್ತಲಾದ ಮೇಲೆ ತೂಕಡಿಸುತ್ತಾ ವಾಪಸು ಬರುತ್ತಾರೆ.

ನರಾಚಿ ಎಲ್ಲಿದೆ ಸಾರ್?

ನಮ್ಮ ಪತ್ರಿಕೆಯ ಓದುಗರಿಗೆ ಕೆ.ಜಿ.ಎಫ್. ಅಂದರೆ ಮೊದಲು ನೆನಪಾಗುವುದು ಯಶ್. 2018ರ ಡಿಸೆಂಬರಿನಲ್ಲಿ ಮೊದಲ ಭಾಗ, 2022ರ ಏಪ್ರಿಲ್‌ನಲ್ಲಿ ಎರಡನೆಯದು. ಪ್ರಶಾಂತ್ ನೀಲ್ ನಿರ್ದೇಶನದ ಈ ಚಿತ್ರಗಳು ಕನ್ನಡ ಬಾರದ ಊರುಗಳಲ್ಲೂ ಶಿಳ್ಳೆ ಹಾಕಿಸಿದವು. ಆಮೇಲೆ ಹೊರಗಿನಿಂದ ಬಂದವರು ಇಲ್ಲಿನ ಆಟೋದವರನ್ನು ಕೇಳುವ ಪ್ರಶ್ನೆ ಒಂದೇ, ‘ನರಾಚಿ ಎಲ್ಲಿದೆ ಸಾರ್?’ ನರಾಚಿ ಎಲ್ಲಿಯೂ ಇಲ್ಲ. ಅದು ಕಥೆಗಾರನ ಊರು. ಆದರೆ ಆ ನರಾಚಿಯ ಸೆಟ್ಟು ಎದ್ದು ನಿಂತ ದಿಣ್ಣೆಗಳು ನಿಜ. ಅವೇ ಸಯನೈಡ್ ಗುಡ್ಡಗಳು.

ಗುಡ್ಡ ಅಂತ ಬಾಯಿಮಾತಿಗೆ ಅನ್ನುತ್ತೇವೆ, ದೇವರು ಮಾಡಿದ ಗುಡ್ಡ ಅಲ್ಲ ಅದು. ಗಣಿಯಿಂದ ಮೇಲೆ ಬಂದ ಬಿಳಿಗಲ್ಲನ್ನು ಹಿಟ್ಟಿನ ಹಾಗೆ ಅರೆದು, ಸಯನೈಡ್ ಬೆರೆತ ನೀರಿನಲ್ಲಿ ನೆನೆಹಾಕಿದರೆ ಚಿನ್ನ ನೀರಿನಲ್ಲಿ ಕರಗುತ್ತದೆ. ಆ ನೀರಿಗೆ ಸತುವು ಹಾಕಿ ಚಿನ್ನ ತೆಗೆದುಕೊಳ್ಳುತ್ತಾರೆ. ಉಳಿದ ರಾಡಿಯನ್ನು ತಂದು ಸುರಿಯುತ್ತಾರೆ. ನೂರು ವರ್ಷ ಸುರಿದರು ಸ್ವಾಮಿ! ಹೀಗೆ ಆದದ್ದು 13 ಗುಡ್ಡ, ಸುಮಾರು 3.3 ಕೋಟಿ ಟನ್ ಮಣ್ಣು. ಮಳೆ ಕೊರೆದು ಕೊರೆದು ಕೊರಕಲುಗಳಾಗಿ, ಸಂಜೆ ಬಿಸಿಲಿಗೆ ಥೇಟ್ ಹಾಲಿವುಡ್ ಕೌಬಾಯ್ ಚಿತ್ರದ ಲೊಕೇಷನ್ ಕಾಣುತ್ತದೆ. ಕ್ಯಾಮೆರಾಮನ್‌ಗಳು ಮರುಳಾಗುವುದರಲ್ಲಿ ಆಶ್ಚರ್ಯವಿಲ್ಲ. ಸಯನೈಡೇನೋ ಬಿಸಿಲಿಗೆ ಕಾಲಕ್ರಮೇಣ ಒಡೆದುಹೋಗುತ್ತದಂತೆ. ಹೋಗದೇ ಇರುವುದು ಧೂಳು. ಆಷಾಢದ ಗಾಳಿ ಎದ್ದರೆ ಗುಡ್ಡದ ಪುಡಿ ನೇರ ಮನೆಯೊಳಗೆ, ಅನ್ನದ ತಟ್ಟೆಗೆ. ಸಿನಿಮಾದವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೆಲವು ತಿಂಗಳು ಇದ್ದು ಹೋದರು. ಲೈನ್ ಮನೆಗಳಲ್ಲಿ ಹುಟ್ಟಿದವರು ಅದನ್ನೇ ಉಸಿರಾಡಿಕೊಂಡು ಇದ್ದಾರೆ.

ಚಾಂಪಿಯನ್ ರೀಫ್ ಹತ್ತಿರದ ಒಂದು ಟೀ ಅಂಗಡಿಯಲ್ಲಿ ಒಬ್ಬ ತಾತ ಸಿಕ್ಕರು. ಗಣಿಯ ಒಳಗೆ ದುಡಿದವರು. ಪಿಕ್ಚರ್ ನೋಡಿದಿರಾ ತಾತಾ ಅಂದೆ. ತಮಿಳು ಬೆರೆತ ಕನ್ನಡದಲ್ಲಿ ನಕ್ಕರು. ‘ನೋಡ್ದೆ ತಂಬಿ. ಎಲ್ಲರಿಗೂ ಮುಖಕ್ಕೆ ಕರಿ ಬಳಿದವ್ರೆ. ಇದೇನು ಕಲ್ಲಿದ್ದಲು ಗಣೀನಾ? ನಮ್ಮ ಮುಖ ಬೆಳ್ಳಗಾಗೋದು, ಹಿಟ್ಟಿನ ಗಿರಣಿಯವನ ಹಾಗೆ’ ಅಂದರು. ಆ ಬಿಳಿ ಧೂಳೇ ಎದೆಯಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ. ಮಾತಿನ ನಡುವೆ ತಾತ ಕೆಮ್ಮುತ್ತಲೇ ಇದ್ದರು. ನಾನು ಮುಂದೆ ಕೇಳಲಿಲ್ಲ.

ಈ ನೆಲದ ನಿಜ ಕಥೆಯಲ್ಲೂ ಸಿನಿಮಾಕ್ಕೆ ಕಡಿಮೆ ಇಲ್ಲ. 1802ರಲ್ಲಿ ಜಾನ್ ವಾರನ್ ಅನ್ನುವ ಲೆಫ್ಟಿನೆಂಟ್ ಸರ್ವೆಗೆ ಬಂದಾಗ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆದು ತೋರಿಸಿದರು. ಆ ವಿಷಯ ಓದಿಕೊಂಡು 1871ರಲ್ಲಿ ಲೇವೆಲ್ ಅನ್ನುವ ನಿವೃತ್ತ ಐರಿಷ್ ಸಿಪಾಯಿ ಬೆಂಗಳೂರಿನಿಂದ ಎತ್ತಿನಗಾಡಿ ಕಟ್ಟಿಕೊಂಡು ಬಂದ. 1875ರಲ್ಲಿ ಅವನ ಕೈಗೆ ಲೈಸೆನ್ಸ್ ಸಿಕ್ಕಿತು, ದುಡ್ಡು ಹುಟ್ಟಲಿಲ್ಲ. ಲಾಭ ಮಾಡಿದ್ದು 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಬೆಂಗಳೂರು ಪೇಟೆಗೆ ಕರೆಂಟು ಕಂಡದ್ದು ಅದಾಗಿ ಮೂರು ವರ್ಷಕ್ಕೆ! ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯೇ ಕೆಂಡದ ಹಾಗೆ ಸುಡುತ್ತಿತ್ತು, ಒತ್ತಡ ತಡೆಯಲಾರದೆ ಬಾಂಬಿನ ಹಾಗೆ ಸಿಡಿಯುತ್ತಿತ್ತು. ಅದೇ ಆಳದ ಹಾದಿಯಲ್ಲಿ, 1965ರಲ್ಲಿ, ವಿಜ್ಞಾನಿಗಳು ಯಂತ್ರ ಇಟ್ಟು ನ್ಯೂಟ್ರಿನೋ ಅನ್ನುವ ಕಣ್ಣಿಗೆ ಕಾಣದ ಕಣದ ಗುರುತು ಹಿಡಿದರು. ಒಟ್ಟು ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಯನ್ನು 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಅಗೆಯುವ ಖರ್ಚು ಸಿಗುವ ಚಿನ್ನಕ್ಕಿಂತ ಹೆಚ್ಚಾಗಿತ್ತು. ಲೆಕ್ಕ ಸರಿ. ಆದರೆ ಲೆಕ್ಕದ ಪುಸ್ತಕದಲ್ಲಿ ಲೈನ್ ಮನೆಗಳಿಗೆ ಕಾಲಂ ಇರಲಿಲ್ಲ.

ಈಗ ಆ ಗುಡ್ಡಗಳಿಗೆ ಮತ್ತೆ ಬೆಲೆ ಬಂದಿದೆ. ಅರೆದು ಬಿಸಾಡಿದ ಮಣ್ಣಿನಲ್ಲೂ ಟನ್ನಿಗಿಷ್ಟು ಅಂತ ಚಿನ್ನ ಉಳಿದಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ಗುಡ್ಡಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಗುಡ್ಡ ಕರಗಿದರೆ ಧೂಳು ಹೋಗುತ್ತದೆ ಅಂತ ಕೆಲವರಿಗೆ ಖುಷಿ, ಅಗೆಯುವಾಗ ಇನ್ನೂ ಧೂಳು ಏಳುತ್ತದೆ ಅಂತ ಕೆಲವರಿಗೆ ಭಯ. ಟೀ ಅಂಗಡಿಯಲ್ಲಿ ಕೂತ ಹುಡುಗರಿಗೆ ಒಂದೇ ಚಿಂತೆ, ಕೆಲಸ ನಮಗೆ ಕೊಡ್ತಾರೋ, ಹೊರಗಿನಿಂದ ಯಂತ್ರ ತರಿಸ್ತಾರೋ? ನನ್ನ ಕೇಳಿದರೆ, ಬೆಳಗಿನ ರೈಲಿನಲ್ಲಿ ಜಾಗಕ್ಕಾಗಿ ಜಗಳವಾಡುವ ಮಕ್ಕಳಿಗೆ ಮೊದಲ ಪಾಳಿ ಸಿಗಬೇಕು. ಅವರ ತಾತಂದಿರು ಅರೆದ ಕಲ್ಲು ಅದು.

ಸಮುದ್ರ ಇದ್ದದ್ದು ನಿಜ

ಈಗ ಕಲ್ಲಿನ ಸಾಕ್ಷಿ. ಕೋಲಾರದ ಈ ಚಿನ್ನದ ಪಟ್ಟಿ ಉತ್ತರ–ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದ, ಕೆಲವೇ ಕಿಲೋಮೀಟರ್ ಅಗಲ. ಇದರ ಕಪ್ಪು ಬಂಡೆಯೆಲ್ಲ ಲಾವಾರಸ. ವಯಸ್ಸು ಸುಮಾರು 270 ಕೋಟಿ ವರ್ಷ. ಪೆದ್ದಪಲ್ಲಿಯ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸಾರಿದ್ದಾರೆ. ಜ್ವಾಲಾಮುಖಿ ಉಗುಳಿದ ಚೂರುಗಳು ಬೆಸೆದುಕೊಂಡು ಆದ ಕಲ್ಲು ಒಂದು ಬಗೆ. ಇನ್ನೊಂದು ದಿಂಬಿನಾಕಾರದ ಲಾವಾ. ಕುದಿಯುವ ರಸ ನೀರಿನೊಳಗೆ ಬಂದರೆ ಮೇಲ್ಪದರ ತಟಕ್ಕನೆ ಗಟ್ಟಿಯಾಗುತ್ತದೆ. ಒಳಗಿನ ರಸ ಅದನ್ನು ಸೀಳಿಕೊಂಡು ಪಕ್ಕಕ್ಕೆ ಉಬ್ಬುತ್ತದೆ, ಅದೂ ಗಟ್ಟಿ. ಹೀಗೆ ಒಂದರ ಮೇಲೊಂದು ದಿಂಬು ಪೇರಿಸಿದ ಹಾಗೆ ಆಗುತ್ತದೆ. ನೀರಿಲ್ಲದೆ ಈ ಆಕಾರ ಬರುವುದಿಲ್ಲ. ಅಂದರೆ ಇಂದು ಮೇಕೆ ಮೇಯುವ ಈ ನೆಲ ಅಂದು ನೀರಿನ ತಳ!

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳೂ ಇದೇ ಸ್ಮಾರಕಗಳ ಪಟ್ಟಿಯಲ್ಲಿವೆ. ಅಲ್ಲಿಗೆ ದೋಣಿ, ಟಿಕೇಟು, ಐಸ್‌ಕ್ರೀಮು, ಫೋಟೋ. ಅದರ ವಯಸ್ಸು ಒಂಬತ್ತು ಕೋಟಿ ವರ್ಷದ ಒಳಗೆ, ಪೆದ್ದಪಲ್ಲಿಯ ಮುಂದೆ ಇನ್ನೂ ಹಾಲುಗಲ್ಲದ ಕೂಸು. ಮುದುಕಪ್ಪನನ್ನು ಮಾತ್ರ ಕೇಳುವವರಿಲ್ಲ. ಜಲ್ಲಿಯಾಗಿ ಲಾರಿ ಹತ್ತುವ ಮೊದಲು ಒಮ್ಮೆ ನೋಡಿ ಬನ್ನಿ.

ಕಮ್ಮಸಂದ್ರದ ಕೋಟಿಲಿಂಗೇಶ್ವರ ಎಲ್ಲರಿಗೂ ಗೊತ್ತು. 1980ರಲ್ಲಿ ಶುರುವಾದ ಕ್ಷೇತ್ರ, 108 ಅಡಿಯ ಲಿಂಗ, ಸುತ್ತ ಸಾಲುಸಾಲು ಪುಟ್ಟ ಲಿಂಗಗಳು. ಹಲವು ಸಿನಿಮಾ ಹಾಡುಗಳಿಗೆ ಆಗುವಷ್ಟು ನೋಟ ಇದೆ. ಬಂಗಾರಪೇಟೆಯ ಇನ್ನೊಂದು ಕಡೆ ಬೂದಿಕೋಟೆ, ಹೈದರಾಲಿ ಹುಟ್ಟಿದ ಊರು. ಚರಿತ್ರೆಯ ಹುಚ್ಚಿರುವವರು ಹೋಗಿ ಬರಬಹುದು.

ನನ್ನ ಮನಸ್ಸು ನಿಂತದ್ದು ಬೇತಮಂಗಲದ ಏರಿಯ ಮೇಲೆ. ಬಾಣ ಅರಸರ ಕಾಲದ ವಿಜಯಾದಿತ್ಯಮಂಗಲವೇ ಬಾಯಿಂದ ಬಾಯಿಗೆ ಸವೆದು ಬೇತಮಂಗಲ ಆಯಿತು. ಪಾಲಾರ್ ನದಿಯ ನೀರು ತಡೆದು ನಿಲ್ಲಿಸಿದ ಕೆರೆ, ಗಣಿಯ ಊರಿಗೆ ಕುಡಿಯುವ ನೀರು ಕೊಟ್ಟದ್ದು ಇದೇ. ಸಂಜೆ ತಂಗಾಳಿಗೆ ಸಣ್ಣ ಅಲೆ ಏಳುತ್ತದೆ. ಈ ಪಾಲಾರ್ ಇಲ್ಲಿಂದ ವೆಲ್ಲೂರು, ಕಾಂಚೀಪುರ ದಾಟಿ ಕಲ್ಪಾಕ್ಕಂ ದಕ್ಷಿಣಕ್ಕೆ ಬಂಗಾಳ ಕೊಲ್ಲಿ ಸೇರುತ್ತದೆ. ಅಂದರೆ ಎಲ್ಲಿಗೆ? ಕೋರಮಂಡಲ ತೀರಕ್ಕೇ! ನೀರಿದ್ದ ವರ್ಷ ಮಾತ್ರ ಅನ್ನಿ. ಮೇಲಿನ ಕೆರೆಗಳೆಲ್ಲ ತುಂಬಿ ಕೋಡಿ ಹರಿದರೆ ತಾನೆ ನದಿ ಅನ್ನಿಸಿಕೊಳ್ಳುವುದು.

ಅಲ್ಲಿಂದ ಮುಳಬಾಗಿಲು ಕಡೆಯ ಆವಣಿ. ನೊಳಂಬರ ಕಾಲದ, ಹತ್ತನೇ ಶತಮಾನದ ಗುಡಿಗಳ ಗುಂಪು. ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ, ಅಣ್ಣತಮ್ಮಂದಿರು ನಾಲ್ವರೂ ಒಂದೇ ಆವರಣದಲ್ಲಿ. ಆಸ್ತಿ ಭಾಗ ಮಾಡಿಕೊಂಡು ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಇಲ್ಲಿಗೆ ಕರೆತಂದು ಕೂರಿಸಬೇಕು. ಗೋಡೆಗಳ ಮೇಲೆ ಅತಿ ಅಲಂಕಾರ ಇಲ್ಲ, ಕಣ್ಣಿಗೆ ತಂಪು. ಸೀತಮ್ಮ ಲವಕುಶರನ್ನು ಹೆತ್ತದ್ದು ಇಲ್ಲೇ ಅಂತ ಊರಿನ ನಂಬಿಕೆ. ಬೆಟ್ಟದ ಮೇಲೆ ಅವಳ ಗುಡಿ, ಧನುಷ್ಕೋಟಿ ಅಂತ ಕರೆಯುವ ನೀರಿನ ದೊಣೆ. ನೋಡಿ, ಮತ್ತೆ ಕಡಲ ತೀರದ ಹೆಸರು! ಮಕ್ಕಳಾಗದ ಹೆಣ್ಣುಮಕ್ಕಳು ಆ ನೀರು ಮುಟ್ಟಿ ಹರಕೆ ಹೊರುತ್ತಾರೆ. ನಾನು ಹತ್ತಿದ ದಿನ ಒದ್ದೆ ಸೀರೆಯಲ್ಲಿ ಒಬ್ಬ ತಾಯಿ ಬಂಡೆಗೆ ಆತು ಕೂತಿದ್ದರು. ಪಕ್ಕದಲ್ಲಿ ಗಂಡ ಬಾಳೆಹಣ್ಣು ಸುಲಿದು ಕೊಡುತ್ತಿದ್ದ. ಯಾವ ನಿರ್ದೇಶಕನೂ ಬರೆಯದ ಸೀನು.

ಹೋಗುವವರು ಬೆಳಿಗ್ಗೆ ಬೇಗ ಹೊರಡಿ. ಶಿವರಾತ್ರಿ ಸಮಯವಾದರೆ ಆವಣಿಯ ದನದ ಜಾತ್ರೆಯೂ ಸಿಗುತ್ತದೆ. ಸಯನೈಡ್ ಗುಡ್ಡ ಗಣಿ ಕಂಪನಿಯ ಜಾಗ, ಕೇಳದೆ ಹತ್ತಬೇಡಿ. ಹಳೇ ಶಾಫ್ಟುಗಳ ಹತ್ತಿರವಂತೂ ಸುಳಿಯಲೇಬೇಡಿ. ಬಾಟಲಿಯಲ್ಲಿ ನೀರು, ಮೂಗಿಗೆ ಕರ್ಚೀಫು ಇರಲಿ. ವಾಪಸು ಬರುವಾಗ ಸಂಜೆ ಹೊತ್ತು ಬೆಂಗಳೂರಿನಿಂದ ಬರುವ ಪ್ಯಾಸೆಂಜರ್ ಎದುರಾದರೆ ಪ್ಲಾಟ್‌ಫಾರಂನಲ್ಲಿ ಸ್ವಲ್ಪ ಪಕ್ಕಕ್ಕೆ ನಿಲ್ಲಿ, ದುಡಿದು ಬಂದ ಜನ ಮೊದಲು ಇಳಿಯಲಿ.